ಸೋಮವಾರದ ಬಾಯಿ, ಗುರುವಾರದ ಬಾಯಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಟೀಚರ್ ಯಾರೋ ಒಬ್ಬರೇ ಅಲ್ಲ. ಕ್ಯಾನ್ಸರ್ ವಿಭಾಗಕ್ಕೆ ಚರ್ಮವೈದ್ಯೆಯಾಗಿ ಹೋಗಿಬರುವ ನಾನು ಹಲವರಲ್ಲಿ ಕಂಡದ್ದನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ, ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಔಷಧಿಗಳ ಹೆಸರು, ಪ್ರಮಾಣ, ಅಧ್ಯಯನಗಳ ಅಂಕಿಗಳು ಮಾತ್ರ ಇದ್ದದ್ದು ಇದ್ದಹಾಗೆ. ಇದರಲ್ಲಿ ತಪ್ಪು ಮಾಡಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮಾತ್ರೆ ಶುರುವಾದದ್ದು

ರೋಗಿ 52 ವರ್ಷದ ಹೆಂಗಸು, ಪ್ರೌಢಶಾಲೆಯ ಟೀಚರ್. ಸಿಗರೇಟು ಮುಟ್ಟಿದವರಲ್ಲ. ಎರಡು ತಿಂಗಳಾದರೂ ಬಿಡದ ಒಣಕೆಮ್ಮಿಗೆ ಎಕ್ಸ್‌ರೇ ತೆಗೆಸಿದಾಗ ಬಲ ಶ್ವಾಸಕೋಶದಲ್ಲಿ ಗಡ್ಡೆ, ಅದರ ಸುತ್ತಿನ ಪೊರೆಯಲ್ಲಿ ನೀರು ಕಂಡಿತು. ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮ, ಅಂದರೆ ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ, ಎಂದು ಬಂತು. ಜೀನ್ ಪರೀಕ್ಷೆಯಲ್ಲಿ ಇಜಿಎಫ್‌ಆರ್ ಜೀನಿನ ಜಿ719ಎಕ್ಸ್ ಬದಲಾವಣೆ ಸಿಕ್ಕಿತು. ಇದು ಆ ಜೀನಿನಲ್ಲಿ ಅಪರೂಪಕ್ಕೆ ಕಾಣುವ ಬದಲಾವಣೆಗಳಲ್ಲೊಂದು. ಅಫಾಟಿನಿಬ್ ಎಂಬ ಮಾತ್ರೆಗೆ 2018ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನೂ ಸೇರಿಸಿ ಮೂರು ಅಪರೂಪದ ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತ್ತು. ಹಾಗಾಗಿ ಕ್ಯಾನ್ಸರ್ ವೈದ್ಯರು ಅದನ್ನೇ ಆರಿಸಿದರು: ದಿನಕ್ಕೆ 40 ಮಿ.ಗ್ರಾಂ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ನುಂಗಿದ ಮೇಲೆ ಕನಿಷ್ಠ ಒಂದು ಗಂಟೆ ಏನೂ ತಿನ್ನದೆ.

ಮೊದಲ ಮಾತ್ರೆ ನುಂಗಿದ್ದು ಒಂದು ಸೋಮವಾರ. ವಾರದ ದಿನವನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆ ದಿನ ಅವರಿಗೆ ಕೊಟ್ಟ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ಭೇದಿಯದ್ದು. ಅದು ತಪ್ಪಲ್ಲ. ಲಕ್ಸ್-ಲಂಗ್ 3 ಎಂಬ ದೊಡ್ಡ ಅಧ್ಯಯನದಲ್ಲಿ ಅಫಾಟಿನಿಬ್ ನುಂಗಿದವರಲ್ಲಿ ಶೇ. 95 ಮಂದಿಗೆ ಭೇದಿಯಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ ಶೇ. 89 ಮಂದಿಗೆ ಚರ್ಮದ ಮೇಲೆ ಗುಳ್ಳೆ ಎದ್ದಿತ್ತು, ಶೇ. 72 ಮಂದಿಗೆ ಬಾಯಿಹುಣ್ಣಾಗಿತ್ತು, ಶೇ. 57 ಮಂದಿಗೆ ಉಗುರುಸುತ್ತು ಬಂದಿತ್ತು. ಈ ಮೂರಕ್ಕೂ ಸೇರಿ ಟೀಚರ್ ಕೈಗೆ ಹೋದದ್ದು ಒಂದು ಕರಪತ್ರ, ಅದರ ಹಿಂಬದಿಯಲ್ಲಿ ‘ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿನಿಂದ ದೂರವಿರಿ’ ಎಂಬ ಒಂದು ಸಾಲು. ಭೇದಿ ತಡೆಯುವ ಲೋಪರಮೈಡ್ ಮಾತ್ರೆಯನ್ನು ಮಾತ್ರ ಹೆಸರು ಬರೆದು, ಎಷ್ಟು ಸಲ ಹೋದರೆ ಎಷ್ಟು ನುಂಗಬೇಕು ಎಂದು ಬಿಡಿಸಿ ಹೇಳಿ ಕಳಿಸಿದ್ದರು. ಭೇದಿಯನ್ನು ಅವರು ಮನೆಯಲ್ಲೇ ಚೆನ್ನಾಗಿ ನಿಭಾಯಿಸಿದರು. ಹೇಳಿಕೊಟ್ಟದ್ದನ್ನು ರೋಗಿಗಳು ಮಾಡುತ್ತಾರೆ.

ಹದಿನಾರನೇ ದಿನ

ಒಂಬತ್ತನೇ ದಿನ ಮೂಗಿನ ಪಕ್ಕ ಕೆಂಪಾಯಿತು, ಉರಿ ಹತ್ತಿತು. ಎರಡು ದಿನದಲ್ಲಿ ಕೆನ್ನೆ, ಗದ್ದ, ಹಣೆಯ ತುಂಬ ಸಣ್ಣ ಸಣ್ಣ ಗುಳ್ಳೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರೆ ‘ಮೊಡವೆ’ ಎಂದು ಬೆನ್ಜಾಯಿಲ್ ಪೆರಾಕ್ಸೈಡ್ ಜೆಲ್ ಬರೆದುಕೊಟ್ಟರು. ಅದೇ ಹೊತ್ತಿಗೆ ಕೆಳತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ ಹುಣ್ಣು ಶುರುವಾಗಿತ್ತು. ಅದಕ್ಕೆ ಟೀಚರೇ ಮನೆಯಲ್ಲಿದ್ದ, ಆಲ್ಕೊಹಾಲ್ ಇರುವ ಮೌತ್‌ವಾಶ್ ಬಳಸಿದರು. ‘ಉರಿ ಜಾಸ್ತಿ ಇದ್ರೆ ಕ್ರಿಮಿ ಸಾಯ್ತಿದೆ ಅಂದ್ಕೊಂಡೆ, ಡಾಕ್ಟ್ರೇ’ ಅಂದರು ಆಮೇಲೆ. ಮೂರು ದಿನ ಮುಖಕ್ಕೆ ಜೆಲ್, ಬಾಯಿಗೆ ಆ ದ್ರಾವಣ. ಹದಿನಾರನೇ ದಿನ, ಮಂಗಳವಾರ, ಮಗಳು ಅಪಾಯಿಂಟ್‌ಮೆಂಟ್ ಇಲ್ಲದೆಯೇ ಕರೆದುಕೊಂಡು ಬಂದಳು. ಆಗ ನನ್ನನ್ನು ಕರೆಸಿದರು.

ಮುಖದ ಚರ್ಮ ಬಿಗಿದು ಹೊಳೆಯುತ್ತಿತ್ತು, ಬಾಯಿ ಅಗಲಿಸಿದರೆ ಕೆನ್ನೆಯ ಮೇಲೆ ನವಿರಾದ ಬಿರುಕುಗಳು ಮೂಡುತ್ತಿದ್ದವು. ಗುಳ್ಳೆಗಳಲ್ಲಿ ಅರ್ಧದಷ್ಟಕ್ಕೆ ಕೀವಿನ ತುದಿ. ಮೂಗಿನ ಹೊಳ್ಳೆಯ ಸುತ್ತ ಜೇನಿನ ಬಣ್ಣದ ಹಕ್ಕಳೆ. ನೆತ್ತಿಯಲ್ಲಿ, ಎದೆಯ ಮೇಲ್ಭಾಗದಲ್ಲಿ, ಭುಜದ ಹಿಂದೆಯೂ ಅದೇ ಗುಳ್ಳೆ. ನಾನು ಮೊದಲು ಹುಡುಕಿದ್ದು ಬ್ಲ್ಯಾಕ್‌ಹೆಡ್. ಒಂದೂ ಇರಲಿಲ್ಲ. ಮೊಡವೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಲ್ಲೇ ಹಿಡಿಯುವುದಾದರೆ ಇಲ್ಲಿ ಹಿಡಿಯಬೇಕು. ಮೊಡವೆಯಲ್ಲಿ ರೋಮದ ಬುಡ ಜಿಡ್ಡಿನಿಂದ ಕಟ್ಟಿಕೊಳ್ಳುತ್ತದೆ. ಇದರಲ್ಲಿ ಜಿಡ್ಡಿನ ಮಾತೇ ಇಲ್ಲ, ಚರ್ಮ ಒಣಗುತ್ತಿರುತ್ತದೆ, ತುರಿಸುತ್ತದೆ, ಉರಿಯುತ್ತದೆ. ಚರ್ಮವನ್ನು ಒಣಗಿಸುವ ಮೊಡವೆಯ ಜೆಲ್ಲನ್ನು ಇದಕ್ಕೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಸುಟ್ಟ ಹಾಗಾಗುತ್ತದೆ. ಟೀಚರ್ ಮುಖದಲ್ಲಿ ಆಗಿದ್ದು ಅದೇ.

ಬಾಯಿಯೊಳಗೆ ಮೂರು ಹುಣ್ಣು. ದೊಡ್ಡದು ಕೆಳತುಟಿಯ ಒಳಮೈಯಲ್ಲಿ, ಆಳವಿಲ್ಲದ್ದು, ಬೂದುಬಿಳುಪು ನೆಲ, ಸುತ್ತ ಕೆಂಪು ಗೆರೆ. ಎರಡೂ ಕಟವಾಯಿ ಸೀಳಿತ್ತು. ನಾಲಿಗೆಯ ಮೇಲಿನ ತೆಳುಬಿಳುಪನ್ನು ಕೆರೆದು ನೋಡಿಸಿದೆ, ಫಂಗಸ್ ಇರಲಿಲ್ಲ. ಒಂದೇ ಕಡೆ ಗುಂಪಾಗಿ ಎದ್ದ ನೀರ್ಗುಳ್ಳೆಗಳಿರಲಿಲ್ಲವಾದ್ದರಿಂದ ಹರ್ಪಿಸ್ ಅನ್ನು ಬದಿಗಿಟ್ಟೆ. ಕಣ್ಣು ಕೆಂಪಾಗಿರಲಿಲ್ಲ, ಜನನಾಂಗದಲ್ಲಿ ಹುಣ್ಣಿರಲಿಲ್ಲ, ಚರ್ಮ ಉಜ್ಜಿದರೆ ಸುಲಿದು ಬರುತ್ತಿರಲಿಲ್ಲ, ಜ್ವರವಿರಲಿಲ್ಲ. ಈ ನಾಲ್ಕನ್ನು ಪ್ರತಿ ಸಲವೂ ಕೇಳಿಯೇ ತೀರಬೇಕು. ಯಾಕೆಂದರೆ ಅಪರೂಪಕ್ಕೆ ಈ ಗುಂಪಿನ ಔಷಧಿಗಳಿಂದಲೂ ಸ್ಟೀವನ್ಸ್-ಜಾನ್ಸನ್ ತರಹದ, ಚರ್ಮವೇ ಕಳಚಿ ಬರುವ ಸ್ಥಿತಿ ಬರಬಹುದು. ಅಲ್ಲಿ ಮುಲಾಮು ಹಚ್ಚುತ್ತ ಕೂರುವ ಹಾಗಿಲ್ಲ. ಔಷಧಿ ಆ ಕ್ಷಣವೇ ನಿಲ್ಲಬೇಕು. ತೂಕ 58 ಕೆ.ಜಿ. ಇದ್ದದ್ದು 55.4ಕ್ಕೆ ಇಳಿದಿತ್ತು.

ಗ್ರೇಡ್ ಬರೆಯಬೇಕು. ಅಡ್ಡಪರಿಣಾಮಗಳನ್ನು ಅಳೆಯಲು ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಮಾಡಿದ ಅಳತೆಪಟ್ಟಿಯೇ ಎಲ್ಲ ಕಡೆ ನಡೆಯುತ್ತದೆ. ಅದರಲ್ಲಿ ಗುಳ್ಳೆಗಳ ಲೆಕ್ಕ ಮುಖ್ಯವಾಗಿ ವಿಸ್ತೀರ್ಣದ್ದು: ಮೈಯ ಶೇ. 10ಕ್ಕಿಂತ ಕಡಿಮೆಯಾದರೆ ಗ್ರೇಡ್ 1, ಶೇ. 10ರಿಂದ 30ರವರೆಗೆ ಗ್ರೇಡ್ 2. ರೋಗಿಯ ಅಂಗೈಯನ್ನು ಬೆರಳು ಸಮೇತ ಇಟ್ಟರೆ ಸುಮಾರು ಶೇ. 1 ಎಂಬುದು ನಮ್ಮ ಅಳತೆಗೋಲು. ಟೀಚರ್‌ಗೆ ಹದಿಮೂರು ಅಂಗೈಯಷ್ಟು ಬಂತು. ಬಾಯಿನೋವಿಗೆ ಮೆತ್ತಗಿನದನ್ನು ಮಾತ್ರ ತಿನ್ನುತ್ತಿದ್ದರು, ಆದರೆ ತಿನ್ನುತ್ತಿದ್ದರು. ಅದೂ ಗ್ರೇಡ್ 2. ಎರಡು ಸಲ ‘2’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಒಬ್ಬ ಟೀಚರಿಗೆ ಮುಖ ಮತ್ತು ಬಾಯಿ ಅಂದರೆ ಏನು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಮುಖವೊಂದೇ ಆಗಿದ್ದರೆ ವಿಸ್ತೀರ್ಣದ ಲೆಕ್ಕದಲ್ಲಿ ಅದು ಬರೀ ಗ್ರೇಡ್ 1 ಆಗುತ್ತಿತ್ತು.

ಯಾಕೆ ಮುಖ, ಯಾಕೆ ಬಾಯಿ

ಮಗಳು ಕೇಳಿದಳು: ‘ಶ್ವಾಸಕೋಶಕ್ಕೆ ಗುರಿಯಿಟ್ಟ ಮಾತ್ರೆ ಅಂದ್ರಲ್ಲ, ಮತ್ತೆ ಮುಖಕ್ಕೆ ಯಾಕೆ ಬಂತು?’ ಒಳ್ಳೆಯ ಪ್ರಶ್ನೆ. ‘ಟಾರ್ಗೆಟೆಡ್’ ಎಂಬ ಪದವೇ ಜನರನ್ನು ದಾರಿ ತಪ್ಪಿಸುತ್ತದೆ. ಗುರಿ ಶ್ವಾಸಕೋಶವಲ್ಲ, ಇಜಿಎಫ್‌ಆರ್ ಎಂಬ ಒಂದು ಪ್ರೋಟೀನು. ಅದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮಾತ್ರೆ ಹೋಗಿ ಬಾಗಿಲು ತಟ್ಟುತ್ತದೆ.

ಆ ಪ್ರೋಟೀನಿಗೆ ಅಂಟಿಕೊಳ್ಳುವ ಇಜಿಎಫ್ ಎಂಬ ಬೆಳವಣಿಗೆಯ ಅಂಶ ಪತ್ತೆಯಾದ ಬಗೆಯನ್ನು ನಾನು ರೋಗಿಗಳಿಗೆ ಆಗಾಗ ಹೇಳುವುದುಂಟು. ಸ್ಟ್ಯಾನ್ಲಿ ಕೋಹೆನ್ ಇಲಿಗಳ ಜೊಲ್ಲುಗ್ರಂಥಿಯಿಂದ ತೆಗೆದ ರಸವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದರು. ಮರಿಗಳು ಸಮಯಕ್ಕಿಂತ ಮೊದಲೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿತು. ಚರ್ಮವನ್ನು ಬಲಿಸುವ ಏನೋ ಒಂದು ಆ ಜೊಲ್ಲಿನಲ್ಲಿದೆ ಎಂದು ಹಿಂಬಾಲಿಸಿ ಹೋದಾಗ ಸಿಕ್ಕಿದ್ದು ಇಜಿಎಫ್. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ಕೋಹೆನ್‌ಗೆ ನೊಬೆಲ್ ಬಂತು. ಕ್ಯಾನ್ಸರ್ ಮಾತ್ರೆಯ ಕತೆ ಶುರುವಾದದ್ದೇ ಕಣ್ಣರೆಪ್ಪೆ, ಹಲ್ಲು, ಜೊಲ್ಲಿನಲ್ಲಿ. ಆ ದಾರಿಯನ್ನು ಕಟ್ಟಿದರೆ ನೋವು ಎಲ್ಲಿ ಏಳಬೇಕೋ ಅಲ್ಲೇ ಏಳುತ್ತದೆ.

ಚರ್ಮದ ತಳಪದರದ ಕೋಶಗಳು, ರೋಮದ ಬೇರಿನ ಹೊರಕವಚ, ಉಗುರಿನ ಸುತ್ತಿನ ಮಾಂಸ, ಬಾಯಿಯ ಒಳಪೊರೆ, ಇವೆಲ್ಲ ದಿನದಿನದ ರಿಪೇರಿಗೆ ಇಜಿಎಫ್‌ಆರ್ ಅನ್ನೇ ನಂಬಿವೆ. ಅಫಾಟಿನಿಬ್ ಅದಕ್ಕೆ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ, ಬದಲಾದ ಪ್ರೋಟೀನು, ಸಹಜ ಪ್ರೋಟೀನು ಎಂಬ ಭೇದವನ್ನೂ ಹೆಚ್ಚಾಗಿ ಮಾಡುವುದಿಲ್ಲ. ತಳಪದರದ ಕೋಶಗಳು ಹೆಚ್ಚುವುದನ್ನು ಬಿಟ್ಟು ಅವಸರದಲ್ಲಿ ಬಲಿಯುತ್ತವೆ, ಉರಿಯೂತದ ಸಂದೇಶ ಕಳಿಸುತ್ತವೆ, ಬಿಳಿ ರಕ್ತಕಣಗಳು ರೋಮದ ಬುಡಕ್ಕೆ ಮುತ್ತುತ್ತವೆ. ಮೊದಲ ದಿನಗಳ ಕೀವಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಕಾವಲು ಸಡಿಲವಾದ ಮೇಲೆ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತದೆ. ಟೀಚರ್ ಮೂಗಿನ ಹಕ್ಕಳೆಯಿಂದ ಕಳಿಸಿದ ಸ್ವಾಬ್‌ನಲ್ಲೂ ಅದೇ ಬೆಳೆಯಿತು. ಇದೇ ಗುಂಪಿನ ಆಸಿಮರ್ಟಿನಿಬ್ ಸಹಜ ಪ್ರೋಟೀನನ್ನು ಅಷ್ಟಾಗಿ ಮುಟ್ಟುವುದಿಲ್ಲ, ಆದ್ದರಿಂದ ಅದರಲ್ಲಿ ಗುಳ್ಳೆಯ ಕಾಟ ಕಡಿಮೆ.

ಬೇರೆ ದಾರಿ ಕಟ್ಟುವ ಮಾತ್ರೆಗಳು ಬೇರೆ ಗುರುತು ಬಿಡುತ್ತವೆ. ಸೊರಾಫೆನಿಬ್ ನುಂಗುವವರಿಗೆ ಹಿಮ್ಮಡಿಯಲ್ಲಿ, ಬೆರಳ ಬುಡದಲ್ಲಿ, ಭಾರ ಬೀಳುವಲ್ಲೆಲ್ಲ ಕೆಂಪು ಅಂಚಿನ ನೋಯುವ ಜಡ್ಡು. ಸುನಿಟಿನಿಬ್‌ನಲ್ಲಿ ಚರ್ಮಕ್ಕೆ ಹಳದಿ ಛಾಯೆ, ಕೂದಲಿಗೆ ನರೆ, ಕಣ್ಣಿಗೆ ಏನೂ ಕಾಣದಿದ್ದರೂ ಉರಿಯುವ ನಾಲಿಗೆ. ವೆಮುರಾಫೆನಿಬ್‌ನಲ್ಲಿ ಕಿಟಕಿಯ ಗಾಜಿನಾಚೆಯ ಬಿಸಿಲೂ ಸುಡುತ್ತದೆ. ಇಮ್ಯಾಟಿನಿಬ್‌ನಲ್ಲಿ ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಅನುಭವ ಇರುವ ನರ್ಸ್ ರೋಗಿಯ ಕೈಕಾಲು ಮುಖ ನೋಡಿಯೇ ಯಾವ ಮಾತ್ರೆ ಎಂದು ಊಹಿಸಿಬಿಡುತ್ತಾರೆ.

ಕೊಟ್ಟ ಚಿಕಿತ್ಸೆ

ಬೆನ್ಜಾಯಿಲ್ ಪೆರಾಕ್ಸೈಡ್ ಕಸದ ಬುಟ್ಟಿಗೆ ಹೋಯಿತು, ಆಲ್ಕೊಹಾಲ್ ಮೌತ್‌ವಾಶ್ ಅದರ ಹಿಂದೆ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ. ಇದು ಆ್ಯಂಟಿಬಯಾಟಿಕ್ ನಿಜ, ಆದರೆ ಇಲ್ಲಿ ನಮಗೆ ಹೆಚ್ಚು ಬೇಕಾದದ್ದು ಉರಿಯೂತ ಇಳಿಸುವ ಅದರ ಇನ್ನೊಂದು ಗುಣ. ಮುಖಕ್ಕೆ ಶೇ. 1ರ ಹೈಡ್ರೊಕಾರ್ಟಿಸೋನ್ ಕ್ರೀಮು. ಮೈಗೆ ಸುವಾಸನೆಯಿಲ್ಲದ ಗಟ್ಟಿ ಮಾಯಿಶ್ಚರೈಸರ್. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸೋಪಿನ ಬದಲು ನೊರೆ ಬರದ ಕ್ಲೆನ್ಸರ್, ಒರೆಸುವಾಗ ಉಜ್ಜದೆ ಒತ್ತುವುದು. ಝಿಂಕ್ ಆಕ್ಸೈಡ್ ಇರುವ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಡಾಕ್ಸಿಸೈಕ್ಲಿನ್ ಕೂಡ ಚರ್ಮ ಬಿಸಿಲಿಗೆ ಬೇಗ ಸುಡುವ ಹಾಗೆ ಮಾಡುವ ಔಷಧಿಯಾದ್ದರಿಂದ ಇದನ್ನು ಬಿಡುವ ಹಾಗಿಲ್ಲ.

ಒಂದು ಚಿಕ್ಕ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ಡಾಕ್ಸಿಸೈಕ್ಲಿನ್ ಗಂಟಲಲ್ಲಿ ನಿಂತರೆ ಅನ್ನನಾಳದಲ್ಲಿ ಹುಣ್ಣು ಮಾಡುತ್ತದೆ. ಬಾಯಿ ನೋಯುವವರು ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಇಳಿಸಿ ಮಲಗಿಬಿಡುತ್ತಾರೆ, ಅಲ್ಲಿಗೆ ಮೇಲೊಂದು ಹುಣ್ಣು, ಕೆಳಗೊಂದು ಹುಣ್ಣು. ಆದ್ದರಿಂದ ಒಂದು ತುಂಬು ಲೋಟ ನೀರು, ಆಮೇಲೆ ಅರ್ಧ ಗಂಟೆ ಕೂತಿರಬೇಕು. ಅಫಾಟಿನಿಬ್ ನಸುಕಿನಲ್ಲಿ ಖಾಲಿ ಹೊಟ್ಟೆಗೆ, ಡಾಕ್ಸಿಸೈಕ್ಲಿನ್ ಊಟತಿಂಡಿಯ ಜೊತೆ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಅದರಿಂದ ಎರಡು ಮೂರು ಗಂಟೆ ದೂರ. ವೇಳಾಪಟ್ಟಿ ಎಂದರೆ ಟೀಚರ್‌ಗೆ ಖುಷಿ. ತಾವೇ ಗೆರೆ ಎಳೆದು ಬರೆದುಕೊಂಡರು.

ಬಾಯಿಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡಿನ ದ್ರಾವಣ ಕೊಟ್ಟೆ: 5 ಮಿ.ಲೀ.ಗೆ 0.5 ಮಿ.ಗ್ರಾಂ ಇರುವಂಥದ್ದು, ಆಲ್ಕೊಹಾಲ್ ಇಲ್ಲದ್ದು. 10 ಮಿ.ಲೀ. ಬಾಯಿಯಲ್ಲಿಟ್ಟು ಎರಡು ನಿಮಿಷ ಮುಕ್ಕಳಿಸಿ ಉಗಿಯುವುದು, ದಿನಕ್ಕೆ ನಾಲ್ಕು ಸಲ, ಆಮೇಲೆ ಒಂದು ಗಂಟೆ ಬಾಯಿಗೆ ಏನೂ ಇಲ್ಲ. ಇದರ ಆಧಾರ ಬೇರೆ ಔಷಧಿಯಿಂದ ಸಾಲ ತಂದದ್ದು ಎಂದು ಒಪ್ಪಿಕೊಳ್ಳಬೇಕು. 2017ರ ಸ್ವಿಶ್ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿಗೆ ಎವರೊಲಿಮಸ್ ನುಂಗುವ ಹೆಂಗಸರಿಗೆ ಮೊದಲ ದಿನದಿಂದಲೇ ಈ ದ್ರಾವಣ ಕೊಟ್ಟಿದ್ದರು. ಎಂಟು ವಾರಗಳಲ್ಲಿ ಗ್ರೇಡ್ 2 ಅಥವಾ ಅದಕ್ಕೂ ಮೇಲಿನ ಬಾಯಿಹುಣ್ಣು ಬಂದದ್ದು ಶೇ. 2 ಮಂದಿಗೆ. ಅದೇ ಮಾತ್ರೆಯ ಹಿಂದಿನ ಅಧ್ಯಯನದಲ್ಲಿ ಅದು ಶೇ. 33 ಇತ್ತು. ಅಫಾಟಿನಿಬ್‌ನ ಹುಣ್ಣಿಗೂ ನಾವು ಇದನ್ನೇ ಬಳಸುತ್ತೇವೆ, ಹೆಚ್ಚಿನವರಿಗೆ ಹಿಡಿಯುತ್ತದೆ. ಇದರ ನಡುನಡುವೆ 1 ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿ ಮುಕ್ಕಳಿಸುವುದು. ಎಳೆಮಕ್ಕಳ ಬ್ರಶ್ಶು, ನೊರೆ ಕೊಡುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟು. ಖಾರ, ಹುಳಿ, ಸುಡುಸುಡು ಬಿಸಿ ಬೇಡ.

ಎರಡು ವಾರ ತಡವಾಗಿ ಇಷ್ಟೆಲ್ಲ ಮಾಡಿದ್ದು ನನಗೆ ಚುಚ್ಚುತ್ತಲೇ ಇತ್ತು. ಗುಳ್ಳೆ ಎದ್ದ ಮೇಲೆ ಓಡುವುದಕ್ಕಿಂತ ಏಳುವ ಮೊದಲೇ ಶುರುಮಾಡುವುದು ಮೇಲು ಎಂದು 2010ರಲ್ಲೇ ಸ್ಟೆಪ್ ಎಂಬ ಅಧ್ಯಯನ ತೋರಿಸಿತ್ತು. ಕರುಳಿನ ಕ್ಯಾನ್ಸರಿಗೆ, ಇಜಿಎಫ್‌ಆರ್ ಅನ್ನೇ ತಡೆಯುವ ಪ್ಯಾನಿಟುಮುಮ್ಯಾಬ್ ತೆಗೆದುಕೊಳ್ಳುವ 95 ಮಂದಿ. ಒಂದು ಗುಂಪಿಗೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಹೈಡ್ರೊಕಾರ್ಟಿಸೋನ್, ಡಾಕ್ಸಿಸೈಕ್ಲಿನ್ ಮೊದಲಿಂದಲೇ, ಇನ್ನೊಂದು ಗುಂಪಿಗೆ ತೊಂದರೆ ಬಂದ ಮೇಲೆ. ಆರು ವಾರಗಳಲ್ಲಿ ಗ್ರೇಡ್ 2 ಅಥವಾ ಮೇಲಿನ ಚರ್ಮದ ತೊಂದರೆ ಮೊದಲ ಗುಂಪಿನಲ್ಲಿ ಶೇ. 29, ಎರಡನೆಯದರಲ್ಲಿ ಶೇ. 62. ಇದರಲ್ಲಿ ಹೊಸ ಔಷಧಿಯೂ ಇಲ್ಲ, ಹೊಸ ಯಂತ್ರವೂ ಇಲ್ಲ. ಅದೇ ನಾಲ್ಕು ಸಾಮಾನು, ಎರಡು ವಾರ ಮೊದಲು.

22ನೇ ದಿನ, ಸೋಮವಾರ, ಟೀಚರ್ ಬಂದಾಗ ಮುಖದ ಕೆಂಪು ಇಳಿದಿತ್ತು, ಹಕ್ಕಳೆ ಉದುರಿತ್ತು. ಬಾಯಲ್ಲಿ ಮೂರರ ಜಾಗದಲ್ಲಿ ಎರಡು ಹುಣ್ಣು. 36ನೇ ದಿನ, ಮತ್ತೆ ಸೋಮವಾರ, ಬಾಯಿ ಬಹುಪಾಲು ಸ್ವಚ್ಛ. ‘ತುಂಬ ಸುಧಾರಿಸಿದೆ, ಇದನ್ನೇ ಮುಂದುವರಿಸಿ’ ಎಂದು ಬರೆದೆ. ಅವರೂ ತಲೆಯಾಡಿಸಿದರು.

57ನೇ ದಿನ

ಎಂಟು ವಾರ ಮುಗಿದ ಸೋಮವಾರ ಅವರು ಬಂದದ್ದು ಉಗುರಿಗಾಗಿ. ಎಡಗೈ ಹೆಬ್ಬೆರಳು ಮತ್ತು ಎಡಗಾಲಿನ ಹೆಬ್ಬೆರಳಿನಲ್ಲಿ ಉಗುರುಸುತ್ತು. ಉಗುರಿನ ಪಕ್ಕದ ಮಾಂಸ ಊದಿ, ಅಂಚಿನಿಂದ ಕೆಂಪಗೆ, ಮುಟ್ಟಿದರೆ ರಕ್ತ ಬರುವ ಮಾಂಸದ ಮೊಗ್ಗು ಎದ್ದಿತ್ತು. ಉಗುರು ಬೆಳೆಯುವುದೇ ನಿಧಾನ, ಅದರ ತೊಂದರೆಯೂ ನಿಧಾನ. ಈ ಔಷಧಿಗಳಲ್ಲಿ ಗುಳ್ಳೆ ಎರಡನೇ ವಾರಕ್ಕೆ ಬಂದರೆ ಉಗುರುಸುತ್ತು ಒಂದೆರಡು ತಿಂಗಳಿಗೆ ಬರುತ್ತದೆ. ಗುಂಡಿ ಹಾಕಿಕೊಳ್ಳಲು ಮಗಳ ಸಹಾಯ ಬೇಕಾಗಿತ್ತು. ಪೆನ್ನು ಬಲಗೈಯದ್ದು, ಆದರೆ ಪುಸ್ತಕ ಬಿಡಿಸಿ ಹಿಡಿಯುವುದು ಎಡ ಹೆಬ್ಬೆರಳು.

ಬಾಯಿ ನೋಡಿದೆ. ಹುಣ್ಣೇ ಇಲ್ಲ, ಕಟವಾಯಿ ಕೂಡಿಕೊಂಡಿದೆ. ನನಗೆ ಒಳಗೊಳಗೇ ಖುಷಿ. ಡೆಕ್ಸಾಮೆಥಸೋನ್ ದ್ರಾವಣ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂದು ಜೊತೆಗಿದ್ದ ಕಿರಿಯ ವೈದ್ಯರಿಗೆ ಎರಡು ಮಾತು ಹೇಳಿಯೂಬಿಟ್ಟೆ.

ಯಾವ ಕ್ರೀಮು ಹಚ್ಚುತ್ತಿದ್ದೀರಿ ತೋರಿಸಿ ಅಂದದ್ದಕ್ಕೆ ಟೀಚರ್ ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಟ್ಯೂಬುಗಳ ನಡುವೆ ಅಫಾಟಿನಿಬ್ ಸ್ಟ್ರಿಪ್ಪುಗಳೂ ಬಿದ್ದವು. 28 ಮಾತ್ರೆಯ ಎರಡು ಪ್ಯಾಕ್ ಹಿಂದಿನ ದಿನಕ್ಕೆ ಖಾಲಿಯಾಗಿರಬೇಕಿತ್ತು. ಎಣಿಸಿದೆ. ಹನ್ನೊಂದು ಮಾತ್ರೆ ಉಳಿದಿದ್ದವು.

ನಾನು ಏನೂ ಕೇಳಲಿಲ್ಲ. ಅವರೇ ಚೀಲದಿಂದ ಒಂದು ಉದ್ದನೆಯ ನೋಟುಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿಟ್ಟರು. ಗೆರೆ ಹಾಕಿದ ಹಾಜರಿಪಟ್ಟಿ. ದಿನಕ್ಕೊಂದು ಮನೆ, ಮಾತ್ರೆ ನುಂಗಿದ ದಿನ ‘ಹಾ’, ನುಂಗದ ದಿನ ‘ಗೈ’. ಮೊದಲ ನಾಲ್ಕು ವಾರ ಪೂರ್ತಿ ಹಾಜರಿ. ಐದನೇ ವಾರದಿಂದ ಪ್ರತಿ ಶನಿವಾರ, ಭಾನುವಾರ ‘ಗೈ’. ನಾಲ್ಕು ವಾರಕ್ಕೆ ಎಂಟು. ಕೊನೆಯ ವಾರ ಬುಧವಾರ, ಗುರುವಾರ, ಶುಕ್ರವಾರವೂ ‘ಗೈ’. ಹನ್ನೊಂದಕ್ಕೆ ಹನ್ನೊಂದು ಲೆಕ್ಕ ಸರಿಹೋಯಿತು.

‘ಎರಡು ದಿನ ಬಿಟ್ರೆ ಸೋಮವಾರ ಬಾಯಿ ಹಗುರ, ಡಾಕ್ಟ್ರೇ. ಸೋಮವಾರ, ಮಂಗಳವಾರ ಪಾಠ ಮಾಡಬಹುದು. ಬುಧವಾರದಿಂದ ಮತ್ತೆ ಶುರು. ಗುರುವಾರ ಅಂತೂ ‘ರ’ಕಾರ ಬಂದ್ರೆ ನಾಲಿಗೆ ಹಲ್ಲಿಗೆ ತಾಗಿ ಜೀವ ಹೋಗುತ್ತೆ.’

‘ಮೊದಲೇ ಯಾಕೆ ಹೇಳಲಿಲ್ಲ, ಟೀಚರ್?’

‘ಹೇಳಿದ್ರೆ ಮಾತ್ರೆನೇ ನಿಲ್ಲಿಸ್ತೀರಲ್ಲ. ಗುಳ್ಳೆ ಎದ್ರೆ ಔಷಧಿ ಹತ್ತಿದೆ ಅಂತಾರೆ, ಅದನ್ನೂ ಕೇಳಿದ್ದೆ. ಒಳ್ಳೇದಾಗ್ತಿರೋದನ್ನ ನಿಲ್ಲಿಸಿಕೊಳ್ಳೋದು ಬೇಡ ಅನ್ನಿಸ್ತು.’

ನಮ್ಮ ಹೊರರೋಗಿ ವಿಭಾಗ ಸೋಮವಾರ. ಅಂದರೆ 36ನೇ ದಿನವೂ 57ನೇ ದಿನವೂ ನಾನು ನೋಡಿದ್ದು ಮಾತ್ರೆ ಬಿಟ್ಟ ಬಾಯಿಯನ್ನು. ಗುರುವಾರದ ಬಾಯಿಯನ್ನು ನಾನು ನೋಡಿರಲೇ ಇಲ್ಲ. ಅಫಾಟಿನಿಬ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 37 ಗಂಟೆ. ಶುಕ್ರವಾರ ನಸುಕಿನಲ್ಲಿ ಕೊನೆಯದು ನುಂಗಿದವರ ರಕ್ತದಲ್ಲಿ ಸೋಮವಾರ ನಸುಕಿಗೆ, 72 ಗಂಟೆಯ ನಂತರ, ಉಳಿಯುವುದು ಸುಮಾರು ಕಾಲು ಭಾಗ. ಈ ಸಲವಂತೂ ಐದು ದಿನದಿಂದ ನುಂಗಿರಲಿಲ್ಲ, ಹೆಚ್ಚುಕಡಿಮೆ ಏನೂ ಉಳಿದಿರಲಿಕ್ಕಿಲ್ಲ. ಕಿರಿಯ ವೈದ್ಯರಿಗೆ ನಾನು ಹೇಳಿದ್ದ ಎರಡು ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ದ್ರಾವಣ ಕೆಲಸ ಮಾಡಿರಲೂಬಹುದು. ಆದರೆ ನನ್ನ ಕಣ್ಣೆದುರಿನ ಆ ಸ್ವಚ್ಛ ಬಾಯಿ ಅದಕ್ಕೆ ಸಾಕ್ಷಿಯಲ್ಲ.

‘ಗುಳ್ಳೆ ಎದ್ದರೆ ಔಷಧಿ ಹತ್ತಿದೆ’ ಎಂಬ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಇಜಿಎಫ್‌ಆರ್ ಅನ್ನೇ ತಡೆಯುವ ಸೆಟುಕ್ಸಿಮ್ಯಾಬ್, ಎರ್ಲೊಟಿನಿಬ್ ಔಷಧಿಗಳ ಅಧ್ಯಯನಗಳಲ್ಲಿ ಗುಳ್ಳೆ ಎದ್ದವರು ಸರಾಸರಿ ಹೆಚ್ಚು ಕಾಲ ಬದುಕಿದ್ದು ಕಂಡಿದೆ. ಆದರೆ ಅದನ್ನು ಹೇಳುವಾಗ ನಾವು ಇನ್ನರ್ಧ ಹೇಳುವುದಿಲ್ಲ: ಗುಳ್ಳೆಗೆ ಚಿಕಿತ್ಸೆ ಕೊಟ್ಟರೆ ಕ್ಯಾನ್ಸರ್ ಮೇಲಿನ ಪರಿಣಾಮವೇನೂ ಕುಗ್ಗುವುದಿಲ್ಲ, ನೋವು ಅನುಭವಿಸಿಯೇ ಫಲ ಪಡೆಯಬೇಕು ಅಂತಿಲ್ಲ. ಅರ್ಧ ಮಾತು ಕೇಳಿದ ಟೀಚರ್ ಗುಳ್ಳೆಯನ್ನು ಸಹಿಸಿಕೊಂಡರು, ಹುಣ್ಣನ್ನು ಮುಚ್ಚಿಟ್ಟರು.

ಆ ಮಧ್ಯಾಹ್ನವೇ ಕ್ಯಾನ್ಸರ್ ವೈದ್ಯರ ಜೊತೆ ಕೂತೆವು. ಬೈಗುಳ ಬೇಡ ಎಂದು ಮೊದಲೇ ಮಾತಾಗಿತ್ತು. ಅವರು ಹಾಜರಿಪಟ್ಟಿ ನೋಡಿ, ‘ಇಷ್ಟು ಚೊಕ್ಕವಾಗಿ ನಾವೂ ಕೇಸ್‌ಶೀಟ್ ಬರೆಯಲ್ಲ’ ಅಂದರು. ಟೀಚರ್ ನಕ್ಕರು. ಆಮೇಲೆ ವೈದ್ಯರು ವಿಷಯಕ್ಕೆ ಬಂದರು: ಪ್ರಮಾಣ ಇಳಿಸುವುದು ಸೋಲಲ್ಲ, ಈ ಮಾತ್ರೆಯ ಬಳಕೆಯ ಸೂಚನೆಯಲ್ಲೇ ಇರುವ ದಾರಿ. ಗ್ರೇಡ್ 3 ಬಂದರೆ, ಅಥವಾ ಗ್ರೇಡ್ 2 ಚರ್ಮದ ತೊಂದರೆ ಏಳು ದಿನ ದಾಟಿದರೆ ಇಲ್ಲವೇ ಸಹಿಸಲಾಗದಂತಾದರೆ ಮಾತ್ರೆ ನಿಲ್ಲಿಸಿ, ತೊಂದರೆ ಇಳಿದ ಮೇಲೆ 10 ಮಿ.ಗ್ರಾಂ ಕಡಿಮೆ ಮಾಡಿ ಮತ್ತೆ ಶುರುಮಾಡುವುದು. ಲಕ್ಸ್-ಲಂಗ್ 3ರಲ್ಲಿ ಮೊದಲ ಆರು ತಿಂಗಳೊಳಗೆ ಪ್ರಮಾಣ ಇಳಿಸಿಕೊಂಡವರಲ್ಲಿ ರೋಗ ಮತ್ತೆ ಮುಂದುವರಿಯುವವರೆಗಿನ ಅವಧಿ 11.3 ತಿಂಗಳು, ಇಳಿಸದವರಲ್ಲಿ 11. ಯಾರ ರಕ್ತದಲ್ಲಿ ಔಷಧಿ ಅಗತ್ಯಕ್ಕಿಂತ ಹೆಚ್ಚು ಏರುತ್ತಿತ್ತೋ ಅವರಿಗೇ ತೊಂದರೆ ಹೆಚ್ಚು ಆಗುತ್ತಿತ್ತು. ಇಳಿಸಿದ ಮೇಲೆ ಅವರ ಮಟ್ಟ ಉಳಿದವರ ಮಟ್ಟಕ್ಕೆ ಬಂತು.

ಅದೇ ವಾರದ ಸ್ಕ್ಯಾನ್‌ನಲ್ಲಿ ಗಡ್ಡೆ 41 ಮಿ.ಮೀ.ನಿಂದ 27ಕ್ಕೆ ಇಳಿದಿತ್ತು. ಟೀಚರ್ ತಕ್ಷಣ, ‘ಹಾಗಾದ್ರೆ ನಾನು ರಜೆ ಕೊಟ್ಟದ್ದು ತಪ್ಪಲ್ಲ ಅಲ್ವಾ?’ ಅಂದರು. ಉತ್ತರಕ್ಕೆ ನಾವಿಬ್ಬರೂ ತಡಕಾಡಿದೆವು. ವಾರಕ್ಕೆ ಐದು ದಿನ 40 ನುಂಗಿದರೆ ಒಟ್ಟು 200, ಏಳು ದಿನ 30 ನುಂಗಿದರೆ 210. ಮೊತ್ತ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ವಾರದ ನಡುವೆ ಬಾಯಿ ಸುಡುತ್ತದೆ, ವಾರದ ಕೊನೆಗೆ ಗಡ್ಡೆಗೆ ಬಿಡುವು ಸಿಗುತ್ತದೆ. ಲೆಕ್ಕ ಹಾಕಿ ತೋರಿಸಿದ ಮೇಲೆ ಒಪ್ಪಿದರು.

ಆಮೇಲೆ

ಉಗುರುಸುತ್ತಿಗೆ ಬಿಳಿ ವಿನೆಗರ್ ಮತ್ತು ನೀರು ಸಮಪ್ರಮಾಣದಲ್ಲಿ ಬೆರೆಸಿ ದಿನಕ್ಕೆ 15 ನಿಮಿಷ ನೆನೆಸುವುದು, ರಾತ್ರಿ ಉಗುರಿನ ಅಂಚಿಗೆ ಬಲವಾದ ಸ್ಟಿರಾಯ್ಡ್ ಮುಲಾಮು. ಮಾಂಸದ ಮೊಗ್ಗಿಗೆ ವಾರಕ್ಕೊಮ್ಮೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿದೆ. ಊದಿದ ಮಾಂಸ ಉಗುರಿನಿಂದ ದೂರ ಸರಿಯುವ ಹಾಗೆ ಟೇಪಿನ ಪಟ್ಟಿಯನ್ನು ಬೆರಳ ಸುತ್ತ ಓರೆಯಾಗಿ ಎಳೆದು ಅಂಟಿಸುವುದನ್ನು ಮಗಳಿಗೆ ಕಲಿಸಿದೆ. ಎರಡು ಸಲ ತಪ್ಪಿದಳು, ಮೂರನೆಯ ಸಲಕ್ಕೆ ನನಗಿಂತ ಚೆನ್ನಾಗಿ ಹಾಕಿದಳು. ಉಗುರನ್ನು ನೇರವಾಗಿ ಕತ್ತರಿಸುವುದು, ಮೂಲೆ ಕೊರೆಯದಿರುವುದು, ಬೆರಳು ಒತ್ತದ ಅಗಲದ ಪಾದರಕ್ಷೆ. ಉಗುರು ಕೀಳುವ ಮಾತು ಬಂದರೂ ಸದ್ಯಕ್ಕೆ ಬೇಡವೆಂದೆ.

64ನೇ ದಿನ 30 ಮಿ.ಗ್ರಾಂ ಶುರುವಾಯಿತು. ಮುಕ್ಕಳಿಸುವ ದ್ರಾವಣವನ್ನು ಆ ದಿನದಿಂದಲೇ ಮತ್ತೆ ಹಿಡಿದೆವು, ಹುಣ್ಣು ಬರಲಿ ಎಂದು ಕಾಯಲಿಲ್ಲ. ನಾನು ಬದಲಿಸಿದ ಇನ್ನೊಂದು ಸಂಗತಿ ಅವರ ಅಪಾಯಿಂಟ್‌ಮೆಂಟ್: ಗುರುವಾರ. ಬರಲಾಗದ ವಾರ ಕನ್ನಡಿಯ ಮುಂದೆ ತುಟಿ ಮಡಚಿ ಮಗಳು ಫೋಟೊ ತೆಗೆದು ಕಳಿಸಬೇಕು, ಅದೂ ಅತಿ ಕೆಟ್ಟ ದಿನದ್ದು.

ನಾಲ್ಕನೇ ತಿಂಗಳಿಗೆ ಹೊಸ ಪುಟ್ಟ ಕಾಟಗಳು. ರೆಪ್ಪೆಗೂದಲು ಉದ್ದವಾಗಿ ಸುರುಳಿ ಸುತ್ತಿ ಒಂದೆರಡು ಕಣ್ಣಿಗೇ ಚುಚ್ಚತೊಡಗಿದವು. ಕಣ್ಣಿನ ವೈದ್ಯರು ಕಾರ್ನಿಯ ಸರಿಯಾಗಿದೆ ಎಂದು ನೋಡಿ ಅವನ್ನು ಟ್ರಿಮ್ ಮಾಡಿದರು. ಬೆರಳ ತುದಿಗಳು ಕಾಗದ ತಾಗಿದರೂ ನೋಯುವ ಹಾಗೆ ಸೀಳಿದವು. ಅದಕ್ಕೆ ಗಾಯಕ್ಕೆಂದೇ ಇರುವ ಸಯನೊಆಕ್ರಿಲೇಟ್ ಅಂಟನ್ನು ಒಂದು ಹನಿ ಬಿಟ್ಟು ಸೀಳು ಮುಚ್ಚಿದೆ. ‘ಪುಸ್ತಕದ ಬೆನ್ನಿಗೆ ಹಾಕೋ ಗೋಂದಲ್ವಾ ಇದು’ ಅಂದರು. ಮುಖದಲ್ಲಿ ಈಗ ಐದಾರು ಗುಳ್ಳೆ, ಡಾಕ್ಸಿಸೈಕ್ಲಿನ್ ನಿಲ್ಲಿಸಿದ್ದೇವೆ. ತೂಕ 57ಕ್ಕೆ ಬಂದಿದೆ.

ಹೋದ ಗುರುವಾರ ಹಾಜರಿಪಟ್ಟಿ ತಂದಿದ್ದರು. 64ನೇ ದಿನದಿಂದೀಚೆಗೆ ಒಂದೇ ಒಂದು ‘ಗೈ’, ಪ್ರಯಾಣದಲ್ಲಿ ಮಾತ್ರೆ ಮರೆತುಹೋದ ದಿನದ್ದು, ಕಾರಣವನ್ನೂ ಪಕ್ಕದಲ್ಲಿ ಬರೆದಿದ್ದರು. ಕೆಳಗೆ ಹೊಸದಾಗಿ ನಾಲ್ಕು ಸಾಲು ಸೇರಿಸಿ ಹತ್ತಕ್ಕೆ ಅಂಕ ಕೊಡತೊಡಗಿದ್ದಾರೆ. ಮುಖಕ್ಕೆ 8. ಬಾಯಿಗೆ 7, ನಾಲಿಗೆಯ ಎಡ ಅಂಚಿನಲ್ಲಿ ಎಳ್ಳುಕಾಳಿನಷ್ಟು ಒಂದು ಹುಣ್ಣು ಇದ್ದದ್ದಕ್ಕೆ ಮೂರು ಅಂಕ ಕಡಿತ. ಕೈ ಹೆಬ್ಬೆರಳಿಗೆ 6. ಕಾಲಿನ ಹೆಬ್ಬೆರಳು ಮೂರು ವಾರದಿಂದ 4ರಲ್ಲೇ ನಿಂತಿದೆ, ಮುಂದಿನ ಗುರುವಾರ ಅದಕ್ಕೆ ಸಿಲ್ವರ್ ನೈಟ್ರೇಟ್ ಇನ್ನೊಂದು ಸಲ.